ಸ್ವೆಟರ್ ಅಕ್ಕನ ಊರು

ಸೋದರಿಯರೇ, ದೀಪಾವಳಿ ಮುಗಿಯುತ್ತಲೇ ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಸ್ವೆಟರ್ ಅಂಗಡಿ ಹಾಕುವ ಟಿಬೆಟಿನ ಹೆಂಗಸರನ್ನು ನೀವೂ ನೋಡಿರುತ್ತೀರಿ. "ಇನ್ನೊಂದ್ ಐವತ್ತು ಕಮ್ಮಿ ಮಾಡ್ರೀ" ಎಂದು ವರ್ಷಾ ವರ್ಷ ಚೌಕಾಸಿ ಮಾಡುವ ನನಗೆ, ಅವರ ಊರು ಯಾವುದೆಂದು ಕೇಳುವ ಬುದ್ಧಿ ಮಾತ್ರ ಬಂದಿರಲಿಲ್ಲ. ಕಳೆದ ಚಳಿಗಾಲದಲ್ಲಿ ಕೇಳಿದೆ. "ಮುಂಡಗೋಡ್ರೀ ಅಕ್ಕಾ, ನಮ್ಮ ಹೊಸ ವರ್ಷದ ಹಬ್ಬಕ್ಕ ಬರ್ರಿ" ಎಂದಳು, ನಮ್ಮದೇ ಕನ್ನಡದಲ್ಲಿ!

ಅವ್ವನನ್ನು ಕರೆದುಕೊಂಡು ಹೊರಟೇ ಬಿಟ್ಟೆ. ಗೋಕಾಕದಿಂದ ಹುಬ್ಬಳ್ಳಿ, ಅಲ್ಲಿಂದ ಮುಂಡಗೋಡದ ಬಸ್ಸು. ಬರಿಗೈಲಿ ಹೋಗಬಾರದೆಂದು ಚೀಲದಲ್ಲಿ ಎರಡು ಕಿಲೋ ಕರದಂಟು.

1959ರಲ್ಲಿ ದಲಾಯಿ ಲಾಮಾ ಅವರ ಹಿಂದೆ ಹಿಮಾಲಯ ದಾಟಿ ಬಂದ ಜನ ಇವರು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಇಲ್ಲಿ ನೆಲೆಯಾಯಿತು. ಕಾಡು ಕಡಿದು ಹೊಲ ಮಾಡಿ, ಭತ್ತ, ಗೋವಿನಜೋಳ ಬೆಳೆದರು. ಡ್ರೆಪುಂಗ್, ಗಾಂದೆನ್ ಎಂಬ ದೊಡ್ಡ ಮಠಗಳನ್ನೂ ಕಟ್ಟಿಕೊಂಡರು. ಹಿಂದೆ ಭಿಕ್ಷುಗಳಿಗಷ್ಟೇ ಸಿಗುತ್ತಿದ್ದ ದೊಡ್ಡ ವಿದ್ಯೆಯ ಪದವಿಯನ್ನು 2016ರ ಡಿಸೆಂಬರಿನಲ್ಲಿ 20 ಮಂದಿ ಸನ್ಯಾಸಿನಿಯರು ಪಡೆದದ್ದು ಇದೇ ಡ್ರೆಪುಂಗಿನಲ್ಲಿ. ಹೆಮ್ಮೆಯಲ್ಲವೇ?

ಮನೆಯಲ್ಲಿ ಮೊದಲು ಬಂದದ್ದು ಬೆಣ್ಣೆ, ಉಪ್ಪು ಹಾಕಿದ ಚಹಾ. "ಚಹಾಕ್ಕ ಉಪ್ಪು ಹಾಕ್ಯಾರಲ್ಲೇ!" ಎಂದು ಅವ್ವ ಕಿವಿಯಲ್ಲಿ ಉಸುರಿದಳು. ಚಹಾ ಎಂದುಕೊಳ್ಳದೆ ಬಿಸಿ ಸಾರು ಎಂದುಕೊಂಡು ಕುಡಿಯಿರಿ, ರುಚಿಯೇ ಬೇರೆ. ಜವೆಗೋದಿ ಹುರಿದ ಹಿಟ್ಟು ಸಾಂಪಾ; ಚಹಾದಲ್ಲಿ ಕಲಸಿ ಉಂಡೆ ಮಾಡಿ ಕೊಟ್ಟಾಗ ಪಂಚಮಿಯ ತಂಬಿಟ್ಟು ನೆನಪಾಯಿತು. ಹಬ್ಬಕ್ಕೆ ಕರಿದ ಖಾಪ್ಸೆ ನಮ್ಮ ಶಂಕರಪೋಳಿಗೆ ಅಕ್ಕನೇ ಸರಿ. ಸೊಂಟಕ್ಕೆ ಕಟ್ಟಿದ ಬಣ್ಣದ ಪಟ್ಟೆಯ ಬಟ್ಟೆ ಮದುವೆಯಾದವರ ಗುರುತಂತೆ, ನಮ್ಮ ಕಾಲುಂಗುರದ ಹಾಗೆ.

ಮೂಲೆಯಲ್ಲಿ ಜಪಮಣಿ ಎಣಿಸುತ್ತ ಅವಳ ತಾಯಿ ಕೂತಿದ್ದರು. ಚಿಕ್ಕ ಹುಡುಗಿಯಾಗಿದ್ದಾಗ ಗುಡ್ಡ ದಾಟಿ ಬಂದವರು. "ಊರು ನೆನಪೈತೇನ್ರೀ?" ಎಂದಳು ಅವ್ವ. ಮಗಳು ಅವರ ಮಾತನ್ನು ಕನ್ನಡಕ್ಕೆ ತಿರುಗಿಸಿದಳು: "ಮನೀ ಬಾಗ್ಲಾ ಹೊಳೀ ಕಡೆ ಇತ್ತಂತ್ರೀ."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮನೀದೂ ಹೊಳೀ ಕಡೇನ ಇತ್ರೀ" ಎಂದಳು.

ಅವ್ವನ ತವರು ಹುಕ್ಕೇರಿ ತಾಲೂಕಿನಲ್ಲಿ ಘಟಪ್ರಭೆಯ ದಂಡೆಯ ಹಳ್ಳಿ. ಈಗ ಹಿಡಕಲ್ ಡ್ಯಾಮಿನ ಹಿನ್ನೀರಿನ ತಳದಲ್ಲಿದೆ. ಈ ನಲವತ್ತು ವರ್ಷದಲ್ಲಿ ಆ ಮನೆಯ ಸುದ್ದಿಯನ್ನು ಆಕೆ ನನ್ನೆದುರು ಎತ್ತಿದವಳಲ್ಲ. ನಾನೂ ಕೇಳಿದವಳಲ್ಲ. ಅಂದು ಪಡಸಾಲೆ, ಹಗೇವು, ಹಿತ್ತಲ ಬೇವಿನ ಮರ, ಎಲ್ಲ ಹೇಳಿದಳು. ಪರದೇಶದ ಆ ಮುದುಕಿ ಅವ್ವನ ಕೈ ಹಿಡಿದುಕೊಂಡು ಕೇಳುತ್ತಿದ್ದರು. ನಾನು ತಲೆ ತಗ್ಗಿಸಿ ಕೂತಿದ್ದೆ.

ನೀವೂ ಹೋಗಿ ಬನ್ನಿ, ಸೋದರಿಯರೇ. ಹಬ್ಬ ಬರುವುದು ಫೆಬ್ರುವರಿ-ಮಾರ್ಚಿನಲ್ಲಿ. ಪ್ರಾರ್ಥನೆಯ ಚಕ್ರವನ್ನು ಪ್ರದಕ್ಷಿಣೆಯ ದಿಕ್ಕಿನಲ್ಲೇ ತಿರುಗಿಸಿ; ಕೇಳದೆ ಯಾರ ಫೋಟೋವನ್ನೂ ತೆಗೆಯಬೇಡಿ. ಪ್ರದರ್ಶನ ನೋಡಲು ಹೋದವರಂತಲ್ಲ, ಬೀಗರ ಮನೆಗೆ ಹೋದವರಂತೆ ಕೂತು ಮಾತಾಡಿ.

ಅಷ್ಟು ದೂರ ಆಗದಿದ್ದರೆ, ನಿಮ್ಮ ಮನೆಯ ಹಿರಿಯರನ್ನಾದರೂ ಇವತ್ತೇ ಕೇಳಿ: "ನಿನ್ನ ಮನೀ ಬಾಗ್ಲಾ ಯಾವ ಕಡೆ ಇತ್ತವ್ವಾ?"