ಹಸಿ ಮೈ, ಬಳೆ, ಕಬಡ್ಡಿ: ನಮ್ಮೂರಿನವರಿಗೆ ನನ್ನ ಉತ್ತರ

ಮಗುವಿಗೆ ಎಂಟು ತಿಂಗಳು ತುಂಬಿದ ಮೇಲೆ ನಾನು ಕಬಡ್ಡಿ ಕಲಿಯಲು ಶುರು ಮಾಡಿದೆ. ನಮ್ಮೂರು ಮತ್ತೋಡಿನಲ್ಲಿ ಇದು ಸಣ್ಣ ಸುದ್ದಿಯಾಗಿ ಉಳಿಯಲಿಲ್ಲ. ನಲ್ಲಿಯ ಹತ್ತಿರ, ಡೇರಿಯ ಮುಂದೆ, ಮದುವೆ ಮನೆಯ ಪಂಕ್ತಿಯಲ್ಲಿ ಆಡಿದ ಮಾತುಗಳೆಲ್ಲ ನನ್ನ ಕಿವಿಗೂ ಬಿದ್ದಿವೆ. ಆಡಿದವರಲ್ಲಿ ಹೆಚ್ಚಿನವರು ನನ್ನ ಹಿತ ಬಯಸುವವರೇ. ಅದಕ್ಕೇ ಉತ್ತರ ಕೊಡಬೇಕು ಅನ್ನಿಸಿದೆ.

"ಹಸಿ ಮೈಯೋಳು ಮಣ್ಣಾಗೆ ಬಿದ್ದು ಹೊರಳಾಡಬಾರ್ದು" ಎನ್ನುವುದು ಮೊದಲ ಆಕ್ಷೇಪ. ಇದರಲ್ಲಿ ಸತ್ಯವಿದೆ. ಹೆರಿಗೆಯಾದವಳ ಹೊಟ್ಟೆಯ ಸ್ನಾಯುಗಳು ಸಡಿಲವಾಗಿರುತ್ತವೆ. ಗರ್ಭಕೋಶ, ಮೂತ್ರಕೋಶಗಳನ್ನು ಕೆಳಗಿನಿಂದ ಹೊತ್ತು ನಿಲ್ಲಿಸುವ ಸ್ನಾಯುಗಳು ಸೋತಿರುತ್ತವೆ. ಕೆಮ್ಮಿದರೆ, ಸೀನಿದರೆ ಮೂತ್ರ ಸೋರುವುದು ಸಾಮಾನ್ಯವಾಗಿ ಇದರಿಂದಲೇ. ಸಿಸೇರಿಯನ್ ಆದವರಿಗೆ ಒಳಹೊಲಿಗೆ ಗಟ್ಟಿಯಾಗಲೂ ಕಾಲ ಬೇಕು. ಬ್ರಿಟನ್ನಿನ ಫಿಸಿಯೊಥೆರಪಿಸ್ಟರು 2019ರಲ್ಲಿ ಹೊರತಂದ ಮಾರ್ಗಸೂಚಿ ಮೂರು ತಿಂಗಳಿಗೆ ಮುಂಚೆ ಓಟವೇ ಬೇಡ ಅನ್ನುತ್ತದೆ. ಕಾಲು ಹಿಡಿದು ಕೆಡವುವ ಆಟಕ್ಕೆ ಇನ್ನೂ ಹೆಚ್ಚು ಕಾಯಬೇಕು. ನಾನು ಕಾದಿದ್ದೇನೆ. ಮೊದಲು ನಡಿಗೆ, ವೈದ್ಯೆ ಹೇಳಿಕೊಟ್ಟ ವ್ಯಾಯಾಮ, ಆಮೇಲೆ ಓಟ, ಕೊನೆಗೆ ಅಂಕಣ. ಸೊಂಟಕ್ಕೆ ಬಟ್ಟೆ ಬಿಗಿದು ಮಲಗಿಸಿದ ನಮ್ಮಜ್ಜಿಯ ಕಾಳಜಿಯನ್ನು ನಾನು ಹಗುರವಾಗಿ ಕಂಡಿಲ್ಲ.

ಆದರೆ ಹಸಿ ಮೈಯ ನೆನಪು ಆಟದ ಮಾತು ಬಂದಾಗ ಮಾತ್ರ ಯಾಕೆ ಆಗುತ್ತದೆ? ನಮ್ಮ ಹೊಸದುರ್ಗ ಸೀಮೆಯಲ್ಲಿ ಐದು ತಿಂಗಳಿಗೆ ತವರಿನಿಂದ ಬಂದವಳು ಕೊಡ ಹೊರುತ್ತಾಳೆ, ಬಿಸಿಲಲ್ಲಿ ಬಗ್ಗಿ ಕಡ್ಲೆಕಾಯಿ ಕೀಳುತ್ತಾಳೆ, ಅಡಿಕೆ ಸುಲಿಯುತ್ತ ರಾತ್ರಿ ಕೂರುತ್ತಾಳೆ. ಅವಳನ್ನು ಯಾರೂ ತಡೆದದ್ದನ್ನು ನಾನು ಕಂಡಿಲ್ಲ. ಇನ್ನೊಂದು ಮಾತನ್ನೂ ಹೇಳಲೇಬೇಕು. ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಸೂತಕದ ಹೆಸರಿನಲ್ಲಿ ಹಟ್ಟಿಯಾಚೆಯ ಗುಡಿಸಲಿನಲ್ಲಿ ಇರಿಸಿದ್ದುಂಟು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹಾಗೆ ಹೊರಗಿರಿಸಿದ್ದ ಹಸುಗೂಸು ತೀರಿಕೊಂಡಿತು. ಹಸಿ ಮೈಯ ಬಗ್ಗೆ ನಿಜವಾದ ಕಳಕಳಿ ಇರುವವರು ದನಿ ಎತ್ತಬೇಕಾದ ಜಾಗ ಅದು.

ಮೈ ಕಾದರೆ ಎದೆಹಾಲು ಕೆಡುತ್ತದೆ, ಬತ್ತುತ್ತದೆ ಎನ್ನುತ್ತಾರೆ. ಹಿತಮಿತವಾಗಿ ವ್ಯಾಯಾಮ ಮಾಡುವ ತಾಯಂದಿರಲ್ಲಿ ಹಾಲೂ ಕಡಿಮೆಯಾಗುವುದಿಲ್ಲ, ಮಗುವಿನ ಬೆಳವಣಿಗೆಯೂ ಕುಂದುವುದಿಲ್ಲ. ಹೊಟ್ಟೆ ತುಂಬ ಊಟ, ಬೇಕಾದಷ್ಟು ನೀರು ಇರಬೇಕು, ಅಷ್ಟೆ. ಹಾಲೂಡಿಸಿ ಹೋದರೆ ಎದೆ ಭಾರವಿಲ್ಲದೆ ಆಡಬಹುದು.

ನನ್ನ ಮನಸ್ಸಿಗೆ ನಾಟಿದ್ದು ಬಳೆಯ ಮಾತು. "ಮುತ್ತೈದೆ ಬಾಣಂತಿ ಬರಿಗೈಲಿ ಓಡಾಡೋದು ಮನೆಗೆ ಒಳ್ಳೇದಲ್ಲ" ಎಂದರು ಹಿರಿಯರೊಬ್ಬರು. ಮತ್ತೋಡಿನಲ್ಲಿ ಈ ಮಾತಿಗೆ ಬೇರೆಯೇ ತೂಕ. ಟಿಪ್ಪು ಸತ್ತ ಮೇಲೆ 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ನಮ್ಮೂರಿನ ಗಾಜಿನ ಬಳೆಯ ಕುಲುಮೆಗಳ ಬಗ್ಗೆ ಬರೆದಿಟ್ಟಿದ್ದಾನೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಗಾಜು ಇಲ್ಲಿ ಕರಗಿ ಹೆಣ್ಣುಮಕ್ಕಳ ಕೈ ಸೇರುತ್ತಿತ್ತು. ಬಳೆ ಮಾಡಿದ ಊರಿನವಳು ನಾನು, ಬಳೆಯನ್ನು ಪ್ರೀತಿಸುತ್ತೇನೆ. ಆದರೆ ಒಡೆದ ಗಾಜು ನನ್ನ ಕೈಯನ್ನೂ ಎದುರಾಳಿಯ ಮುಖವನ್ನೂ ಸೀಳುತ್ತದೆ. ಅದಕ್ಕೇ ಅಂಕಣದಲ್ಲಿ ಒಡವೆ ನಿಷಿದ್ಧ. ಹೆರಿಗೆಗೆ ಆಪರೇಷನ್ ಕೊಠಡಿಗೆ ಕರೆದೊಯ್ಯುವ ಮುಂಚೆ ನರ್ಸಮ್ಮ ನನ್ನ ಬಳೆ ಬಿಚ್ಚಿಸಿದರು. ಆಗ ಮನೆಯವರೆಲ್ಲ ಅಲ್ಲೇ ಇದ್ದರು, ಒಬ್ಬರೂ ಅಪಶಕುನ ಅನ್ನಲಿಲ್ಲ. ಜೀವ ಕಾಪಾಡಲು ಬಿಚ್ಚಿದ್ದು ಅಮಂಗಳವಲ್ಲ ಅಂದಮೇಲೆ, ಗಾಯ ತಪ್ಪಿಸಲು ಬಿಚ್ಚಿದ್ದೂ ಅಲ್ಲ.

ಗಂಡುಬೀರಿ ಎಂದವರಿಗೆ ಹೆಚ್ಚು ಹೇಳಬೇಕಿಲ್ಲ. ಜಿಲ್ಲಾ ಕೇಂದ್ರದ ಕ್ರೀಡಾಂಗಣಕ್ಕೆ ಒನಕೆ ಓಬವ್ವನ ಹೆಸರಿದೆ.

ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಅದರ ಅಪ್ಪ ನೋಡಿಕೊಳ್ಳುತ್ತಾನೆ, ಅತ್ತೆಯವರು ನೋಡಿಕೊಳ್ಳುತ್ತಾರೆ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯಲು ಸರ್ಕಾರ 2023ರಲ್ಲಿ ಮುಂದಾಯಿತು. ದುಡಿಯಲು ಹೋದವಳ ಕೂಸನ್ನು ಬೇರೆಯವರು ನೋಡಿಕೊಳ್ಳಬಹುದು ಎಂದು ಆಗ ಎಲ್ಲರೂ ಒಪ್ಪಿದರು. ಸಂಜೆ ಒಂದು ಗಂಟೆಯ ಆಟಕ್ಕೂ ಅದೇ ನ್ಯಾಯ ಸಲ್ಲಬೇಕು. ಕ್ರಿಕೆಟ್ ಟೂರ್ನಿಗೆ ಹೊರಟ ಹೊಸ ಅಪ್ಪನನ್ನು ಈ ಪ್ರಶ್ನೆ ಕೇಳಿದವರನ್ನು ನಾನು ಈವರೆಗೆ ನೋಡಿಲ್ಲ.

ಕೊನೆಗೆ ಉಳಿದದ್ದು, "ಇದರಿಂದ ಏನು ಬಂತು, ಮೆಡಲ್ ತರ್ತೀಯಾ?" ಎನ್ನುವುದು. ತಂದವರಿದ್ದಾರೆ. ಮೇರಿ ಕೋಮ್ 2007ರಲ್ಲಿ ಅವಳಿ ಮಕ್ಕಳನ್ನು ಹೆತ್ತು 2008ರಲ್ಲಿ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಆದರು. ನಮ್ಮ ಕೊಡಗಿನ ಪ್ರಮೀಳಾ ಅಯ್ಯಪ್ಪ ತಾಯಿಯಾದ ಮೇಲೆ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹೆಪ್ಟಾಥ್ಲಾನ್ ಕಂಚು ಗೆದ್ದರು. ಮಹಿಳೆಯರ ಕಬಡ್ಡಿ ಏಷ್ಯನ್ ಗೇಮ್ಸ್‌ಗೆ ಮೊದಲ ಬಾರಿ ಬಂದದ್ದೂ ಅಲ್ಲೇ. ಕಾರ್ಕಳದ ಮಮತಾ ಪೂಜಾರಿ, ತೇಜಸ್ವಿನಿ ಬಾಯಿ ಇದ್ದ ಭಾರತ ತಂಡ ಚಿನ್ನ ತಂದಿತು. ಆದರೆ ಎಲ್ಲರೂ ಪದಕಕ್ಕಾಗಿಯೇ ಆಡುವುದಿಲ್ಲ. ಅಮೆರಿಕದಲ್ಲಿ ಚಕ್ರದ ಬೂಟು ತೊಟ್ಟು ಒಬ್ಬಳು ಎದುರಾಳಿಗಳ ಗುಂಪನ್ನು ಸೀಳಿಕೊಂಡು ಹೋಗುವ ರೋಲರ್ ಡರ್ಬಿ ಎಂಬ ಆಟವಿದೆ. ಅಲ್ಲಿ ಪದಕದ ಆಸೆಯಿಲ್ಲದ ತಾಯಂದಿರೂ ಆಡುತ್ತಾರೆ. ನಾನೂ ಅವರಂಥವಳೇ. ಬಸುರಿಯಾದಂದಿನಿಂದ ನನ್ನ ಮೈ ಎಲ್ಲರ ಸಲಹೆಗೆ, ಎಲ್ಲರ ಅಪ್ಪಣೆಗೆ ಸೇರಿತ್ತು. ರೈಡಿಗೆ ಹೋದ ಆ 30 ಸೆಕೆಂಡು, ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಅನ್ನುವಷ್ಟು ಹೊತ್ತು, ಉಸಿರೂ ನನ್ನದು, ಕಾಲೂ ನನ್ನದು. ನನಗೆ ಬಂದದ್ದು ಇದು. ಇದನ್ನು ಬಿಟ್ಟುಕೊಡಲಾರೆ.

ಹೆಣ್ಣುಮಕ್ಕಳ ಅಂಕಣಕ್ಕೆ ಬೇಕಾದದ್ದು 12 ಮೀಟರ್ ಉದ್ದ, 8 ಮೀಟರ್ ಅಗಲದ ನೆಲ. ಕಲ್ಲು ಆರಿಸಿ, ಮಣ್ಣು ಸಡಿಲಿಸಿ, ಒಂದು ದೀಪ ಹಾಕಿಸಿಕೊಡಿ ಎಂದು ಪಂಚಾಯಿತಿಯವರಲ್ಲಿ ಕೇಳಿಕೊಳ್ಳುತ್ತೇನೆ. ಹೊಸ ತಾಯಂದಿರೇ, ವೈದ್ಯರಿಗೆ ತೋರಿಸಿ, ಅವರು ಆಗಬಹುದು ಅಂದ ಮೇಲೆ ಬನ್ನಿ. ಕೂಸನ್ನೂ ಕರೆತನ್ನಿ, ಅಂಚಿನಲ್ಲಿ ಎತ್ತಿಕೊಳ್ಳಲು ಜನರಿದ್ದಾರೆ.