ಇನ್ ಅಂದರೆ ಯಾವುದರ ಒಳಗೆ?

ನಮ್ಮ ಹಳೆ ವಿದ್ಯಾರ್ಥಿಯೊಬ್ಬ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ಮೊನ್ನೆ ಸಂಜೆ ಫೋನ್ ಮಾಡಿ, "ಮಾಷ್ಟ್ರೇ, ಇನ್ ಅಂದ್ರೆ ಒಳಗೆ ಅಲ್ವಾ?" ಎಂದು ಕೇಳಿದ. "ಹೌದು ಮಾರಾಯ, ಆದ್ರೆ ಯಾವುದರ ಒಳಗೆ?" ಎಂದೆವು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ವಿಷಯ ಇಷ್ಟು. ಅವನ ಮುಂದೆ ಇದ್ದದ್ದು 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಹಳೆ ಅಂಬಾಸಿಡರ್. ಈ ಕಾರಿನ ತಯಾರಿ 2014ರಲ್ಲೇ ನಿಂತಿದೆ, ಆದರೂ ಇಟ್ಟುಕೊಂಡವರು ಬಿಡುವುದಿಲ್ಲ. ಅದರ ಎಣ್ಣೆ ಫಿಲ್ಟರ್ ಎಂಜಿನ್ನಿನ ಬದಿಯಲ್ಲಿ ಡಬ್ಬಿಯಂತೆ ನೇತಾಡುತ್ತದೆ. ಬಿಚ್ಚಿದರೆ ಕೈಯೆಲ್ಲ ಎಣ್ಣೆ. ಹಳೆ ರಬ್ಬರ್ ರಿಂಗನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಕೂರಿಸಿದರೆ ಸೋರಿಕೆ ಖಂಡಿತ. ಅದಕ್ಕೇ ಕಾರಿನವರು ಫಿಲ್ಟರನ್ನು ದೂರಕ್ಕೆ, ಕೈಗೆ ಸಿಗುವಲ್ಲಿಗೆ ತರಲು ಹೇಳಿದ್ದರು. ಡಬ್ಬಿ ಇದ್ದಲ್ಲಿ ಒಂದು ಅಡಾಪ್ಟರ್, ಮಡ್‌ಗಾರ್ಡಿನ ಒಳಬದಿಯಲ್ಲಿ ಫಿಲ್ಟರ್ ಹೆಡ್, ನಡುವೆ ಎರಡು ಹೋಸ್.

ಎರಡೂ ತುಂಡುಗಳ ಮೇಲೆ ಇನ್, ಔಟ್ ಎಂದು ಬರೆದಿತ್ತು. ಹುಡುಗ ಇನ್ನಿಗೆ ಇನ್, ಔಟಿಗೆ ಔಟ್ ಜೋಡಿಸಿದ್ದ. ಓದಿದ್ದು ಸರಿ, ಅರ್ಥ ತಪ್ಪು! ಎಂಜಿನ್ನಿನಿಂದ ಹೊರಬರುವ ಎಣ್ಣೆಯೇ ಫಿಲ್ಟರಿನ ಒಳಗೆ ಹೋಗಬೇಕು. ಅಂದರೆ ಔಟಿಗೆ ಇನ್. ತಿರುಪಿ ಕೂರಿಸುವ ಅನೇಕ ಫಿಲ್ಟರ್‌ಗಳೊಳಗೆ ಎಣ್ಣೆ ಹಿಂದಕ್ಕೆ ಹರಿಯದಂತೆ ರಬ್ಬರಿನ ಕವಾಟ ಇರುತ್ತದೆ. ಹೋಸ್ ಅದಲುಬದಲಾದರೆ ಅದೇ ಕವಾಟ ದಾರಿ ಮುಚ್ಚುತ್ತದೆ. ಈ ಎಂಜಿನ್ನಿನಲ್ಲಿ ಬೇರಿಂಗ್‌ಗೆ ಹೋಗುವ ಎಣ್ಣೆ ಫಿಲ್ಟರ್ ದಾಟಿಯೇ ಹೋಗಬೇಕು. ಹಾಗಾಗಿ ಸ್ಟಾರ್ಟ್ ಮಾಡಿ ಓಡಿಸಿದ್ದರೆ ಎಂಜಿನ್ನಿನ ಕಥೆ ಮುಗಿಯುತ್ತಿತ್ತು.

ಒಂದು ಕಾಗದದಲ್ಲಿ ಎಣ್ಣೆಯ ದಾರಿ ಬರೆಯಲು ಹೇಳಿದೆವು. ಸಂಪ್, ಪಂಪ್, ಫಿಲ್ಟರ್, ಬೇರಿಂಗ್, ಮತ್ತೆ ಸಂಪ್. ಬರೆಯುತ್ತಿದ್ದಂತೆ ಅವನಿಗೇ ಹೊಳೆಯಿತು. ಹೋಸ್ ಬದಲಿಸಿದ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಒತ್ತಡದ ಮುಳ್ಳು ಏಳುವ ತನಕ ಎಂಜಿನ್ ತಿರುಗಿಸಿ, ಆಮೇಲೆ ಸ್ಟಾರ್ಟ್ ಮಾಡಿದ. ಹೋಸ್ ಕುಡಿದಷ್ಟು ಎಣ್ಣೆಯನ್ನು ಮತ್ತೆ ತುಂಬಿಸಿದ.

ಕನ್ನಡ ಶಾಲೆಗೆ ಹಾಕಿದರೆ ಮೆಷಿನ್ ಮೇಲಿನ ಅಕ್ಷರವೂ ಓದಲು ಬಾರದು ಎಂದು ಹೆತ್ತವರು ನಮ್ಮೊಡನೆ ವಾದಿಸುತ್ತಾರೆ. ಇಂಗ್ಲಿಷನ್ನು ಚೆನ್ನಾಗಿ ಕಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಹುಡುಗನಿಗೆ ಅಕ್ಷರ ಓದಲು ಬಂದಿತ್ತು. ಬಾರದೇ ಹೋದದ್ದು "ಯಾವುದರ ಒಳಗೆ?" ಎಂಬ ಪ್ರಶ್ನೆ. ಆ ಪ್ರಶ್ನೆ ಮನೆಮಾತಿನಲ್ಲಿ ಬೇಗ ಹುಟ್ಟುತ್ತದೆ ಎಂಬುದೇ ನಮ್ಮ ವಾದ.

ಹಾಗೆಂದು ನಾವು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಅವನಿಗೆ ವಿಜ್ಞಾನ ಕಲಿಸಿದ್ದೂ ನಾವೇ. "ಶೋಧನೆ ಎಂದರೇನು? ಎರಡು ಅಂಕ" ಎಂದು ಉರು ಹೊಡೆಸಿದೆವು. ಸೋಸುವ ಕಾಗದದ ಯಾವ ಬದಿಯಲ್ಲಿ ಕೊಳೆ ನಿಲ್ಲುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ. ಕನ್ನಡದಲ್ಲಿ ಬಾಯಿಪಾಠ ಮಾಡಿಸಿದರೆ ಅದೂ ಪರಭಾಷೆಯೇ ಆಗಿಬಿಡುತ್ತದೆ.

ನಮ್ಮ ಸಲಹೆ ದೊಡ್ಡದಲ್ಲ. ತಿಂಗಳಿಗೊಂದು ಪೀರಿಯಡ್ ಮೆಕ್ಯಾನಿಕ್ಕನ್ನೋ, ಪಂಪ್ ರಿಪೇರಿಯವರನ್ನೋ ತರಗತಿಗೆ ಕರೆಯೋಣ. ಒಂದು ಹಳೆ ಫಿಲ್ಟರನ್ನು ಕೊಯ್ದು ಮೇಜಿನ ಮೇಲಿಡೋಣ. ಮಕ್ಕಳು ತಮ್ಮದೇ ಮಾತಿನಲ್ಲಿ ಎಣ್ಣೆಯ ದಾರಿ ಹೇಳಲಿ. ನಿಮ್ಮ ಶಾಲೆಯ ಪಕ್ಕದ ಗ್ಯಾರೇಜಿನಲ್ಲೂ ನಿಮ್ಮದೇ ಹಳೆ ವಿದ್ಯಾರ್ಥಿ ಇರಬಹುದು. ಒಮ್ಮೆ ಕರೆದು ನೋಡಿ.