ಹಾಡು ಊರಿನದು, ಧ್ವನಿಮುದ್ರಣ ಯಾರದು?

ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ಮೂಲಕ 2023ರಲ್ಲಿ ಸ್ಕಂದಗಿರಿಯ ಸೀಮೆಗೆ ಪದ್ಮಶ್ರೀ ಬಂತು. ಚಿಕ್ಕಬಳ್ಳಾಪುರ ಜಿಲ್ಲೆಯೇ ಹೆಮ್ಮೆಪಟ್ಟಿತು. ಆದರೆ ಶಾಲು, ಹಾರಗಳ ಸಂಭ್ರಮ ಮುಗಿದ ಮೇಲೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಈ ಭಾಗದ ಕಲಾವಿದರ ಹಾಡು, ವಾದನ ಧ್ವನಿಮುದ್ರಣಗೊಂಡಾಗ ಅದರ ಒಡೆತನ ಯಾರಿಗೆ ಸೇರುತ್ತದೆ? ಜನಪದ ಕಲಾವಿದರು ಹಾಡಿದರಷ್ಟೇ ಸಾಲದು, ತಮ್ಮ ಧ್ವನಿಮುದ್ರಣದ ನಿರ್ಮಾಪಕರೂ ತಾವೇ ಆಗಬೇಕು ಎಂಬುದು ನನ್ನ ವಾದ.

ಇದೆಲ್ಲ ಆಗುವ ಮಾತೇ ಎನ್ನುವವರು ರಘು ದೀಕ್ಷಿತ್ ನಡೆದ ದಾರಿಯನ್ನು ನೋಡಬೇಕು. ಮೈಸೂರಿನಲ್ಲಿ ಬೆಳೆದ, ಸೂಕ್ಷ್ಮಜೀವಿಶಾಸ್ತ್ರ ಓದಿದ ಈ ಗಾಯಕ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ಒಗ್ಗಿಸಿದರು, ತಾವೂ ಹಾಡು ಕಟ್ಟಿದರು. ಧ್ವನಿಸುರುಳಿ ಕಂಪನಿಗಳ ಬಾಗಿಲು ಬಡಿದಾಗ ವರ್ಷಗಟ್ಟಲೆ ಸಿಕ್ಕಿದ್ದು ನಿರಾಕರಣೆ. ಕಡೆಗೆ ಮುಂಬೈನ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿ 2008ರಲ್ಲಿ ಅವರ ಮೊದಲ ಆಲ್ಬಂ ಹೊರತಂದಿತು. 2010ರಲ್ಲಿ ಅವರ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. ‘ಜಸ್ಟ್ ಮಾತ್ ಮಾತಲ್ಲಿ’ ಚಿತ್ರದ ಸಂಗೀತವೂ ಅದೇ ವರ್ಷದ್ದು. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ಈ ಗಾಯಕನನ್ನು ಸಿನಿಮಾ ರೂಪಿಸಲಿಲ್ಲ. ತಮ್ಮದೇ ಹಾಡು, ತಮ್ಮದೇ ನಾದ ಕೈಯಲ್ಲಿದ್ದುದರಿಂದ ಸಿನಿಮಾವೇ ಅವರ ಬಳಿ ಬಂತು. ಅವರಿಗೆ ಓದಿತ್ತು, ಇಂಗ್ಲಿಷ್ ಇತ್ತು, ನಗರದ ಒಡನಾಟವಿತ್ತು, ತಮಟೆ ಬಡಿಯುವವರಿಗೆ ಏನಿದೆ ಎಂದು ಕೇಳಬಹುದು. ನಿಜ. ಆ ಕೊರತೆಯನ್ನು ತುಂಬಿಕೊಡುವುದು ಸಾರ್ವಜನಿಕ ಸಂಸ್ಥೆಗಳ ಕೆಲಸ ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಜನಪದ ಊರಿನ ಸೊತ್ತು, ಅದಕ್ಕೆ ಒಡೆಯರನ್ನು ಹುಟ್ಟಿಸಿದರೆ ಅದರ ಜೀವವೇ ಹೋಗುತ್ತದೆ ಎಂಬ ಆಕ್ಷೇಪ ಇನ್ನೂ ಗಂಭೀರವಾದದ್ದು. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಕಟ್ಟಿದ ಪದಗಳನ್ನು ಯಾರ ಅಪ್ಪಣೆಯೂ ಇಲ್ಲದೆ ಭಜನಾ ಮಂಡಳಿಗಳು ಹಾಡುತ್ತವೆ. ಹಾಗೆಯೇ ಹಾಡಬೇಕು ಕೂಡ. ಆದರೆ ಕಾನೂನಿನ ಕಣ್ಣಿಗೆ ಪದ ಬೇರೆ, ಅದರ ಧ್ವನಿಮುದ್ರಣ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಕರ್ತೃ ಹಾಡಿದವರಲ್ಲ, ನಿರ್ಮಾಪಕರು. ಪ್ರಕಟವಾದ ಮೇಲೆ 60 ವರ್ಷ ಆ ಹಕ್ಕು ಉಳಿಯುತ್ತದೆ. ಊರಿನದೆಂದು ನಾವು ಬಿಟ್ಟುಕೊಟ್ಟದ್ದು ಊರಿಗೆ ಉಳಿಯುವುದಿಲ್ಲ, ಮೈಕು ಹಿಡಿದು ಬಂದವರ ಹೆಸರಿಗೆ ಹೋಗುತ್ತದೆ. 2012ರ ತಿದ್ದುಪಡಿ ವಾಣಿಜ್ಯ ಬಳಕೆಯ ಗೌರವಧನದಲ್ಲಿ ಹಾಡುಗಾರರಿಗೂ ಪಾಲು ಕೊಟ್ಟಿದೆಯಾದರೂ ಒಪ್ಪಂದದ ಕಾಗದವೇ ಇಲ್ಲದವರು ಆ ಪಾಲನ್ನು ಕೇಳುವುದು ಹೇಗೆ?

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಸ್ಟುಡಿಯೊ ಯಾಕೆ ಎನ್ನುವ ಮಾತಿಗೆ ತಮಟೆಯೇ ಉತ್ತರ. ಬೆಂಕಿಗೆ ಹಿಡಿದು ಚರ್ಮ ಬಿಗಿಯಾದ ಮೇಲೆ ಒಂದು ಕೈಯ ದಪ್ಪ ಕೋಲು, ಇನ್ನೊಂದು ಕೈಯ ಸಪೂರ ಕಡ್ಡಿ ಬೇರೆಬೇರೆ ನಾದ ಹೊರಡಿಸುತ್ತವೆ. ಎಂಟು ಹತ್ತು ಮಂದಿ ಸುತ್ತುಗಟ್ಟಿ ಬಾರಿಸುವಾಗ ಮೊಬೈಲಿನ ಪುಟ್ಟ ಮೈಕು ಆ ಅಬ್ಬರವನ್ನು ತಾಳಲಾರದೆ ಎಲ್ಲವನ್ನೂ ಒಡೆದ ಸದ್ದಾಗಿಸುತ್ತದೆ. ಸಪೂರ ಕಡ್ಡಿಯ ಕುಸುರಿ ಕೇಳಿಸುವುದೇ ಇಲ್ಲ. ಕರ್ನಾಟಕ ಜಾನಪದ ಅಕಾಡೆಮಿ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಜಿಲ್ಲೆಗೊಂದು ಧ್ವನಿಮುದ್ರಣ ಕೊಠಡಿ, ಅದನ್ನು ನಡೆಸಬಲ್ಲ ಒಬ್ಬ ತಂತ್ರಜ್ಞ, ಕನ್ನಡದಲ್ಲೇ ಬರೆದ ಒಂದು ಪುಟದ ಒಪ್ಪಂದ ಪತ್ರ ಇಷ್ಟನ್ನು ಒದಗಿಸಲಿ. ಆ ಪತ್ರದ ಮೊದಲ ಸಾಲಿನಲ್ಲೇ ನಿರ್ಮಾಪಕರು ಎಂಬ ಜಾಗದಲ್ಲಿ ಕಲಾವಿದರ ಇಲ್ಲವೇ ಅವರ ತಂಡದ ಹೆಸರಿರಲಿ. ಚಿಕ್ಕಬಳ್ಳಾಪುರದಿಂದಲೇ ಇದು ಶುರುವಾಗಬಹುದು.